ಗೋಡೆಯೊಳಗೆ ಗಾಳಿಯನ್ನು ನಿಲ್ಲಿಸುವುದು: ಮನೆಯ ಶಾಖ ಉಳಿಸುವ ಲೆಕ್ಕ ಮತ್ತು ಎಚ್ಚರ

ಹೊರಗೆ ಕೊರೆಯುವ ಚಳಿ, ಒಳಗೆ ಹೀಟರ್ ಉರಿಯುತ್ತಿದೆ, ಥರ್ಮಾಮೀಟರ್ 20 ಡಿಗ್ರಿ ತೋರಿಸುತ್ತಿದೆ. ಆದರೂ ಗೋಡೆಯ ಪಕ್ಕ ಕುಳಿತವರ ಒಂದು ಭುಜ ತಣ್ಣಗಾಗುತ್ತದೆ. ಗೋಡೆಯಿಂದ ಚಳಿ ಬರುತ್ತಿದೆ ಎಂದುಕೊಂಡು ಕುರ್ಚಿ ಸರಿಸಿಕೊಳ್ಳುತ್ತಾರೆ. ನಡೆಯುತ್ತಿರುವುದು ಇದರ ತಿರುವುಮುರುವು. ಮೈಯ ಶಾಖವೂ ಕೋಣೆಯ ಶಾಖವೂ ಗೋಡೆಯತ್ತ ಹರಿದು, ಅದರೊಳಗೆ ನುಸುಳಿ, ಹೊರಗೆ ಹೋಗುತ್ತಿರುತ್ತವೆ. ಶಾಖ ಯಾವಾಗಲೂ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತದೆ. ಅದನ್ನು ಪೂರ್ತಿ ತಡೆದು ನಿಲ್ಲಿಸುವ ವಸ್ತು ಜಗತ್ತಿನಲ್ಲಿ ಇಲ್ಲ. ಹರಿವನ್ನು ನಿಧಾನಗೊಳಿಸಬಹುದು, ಅಷ್ಟೇ. ಆ ನಿಧಾನಗೊಳಿಸುವ ಕೆಲಸಕ್ಕೆ ಉಷ್ಣ ನಿರೋಧನ ಎಂದು ಹೆಸರು.

ಯಾವ ನಿರೋಧನವೂ ಇಲ್ಲದ ಮನೆಯಲ್ಲಿ ಸೋರಿಹೋಗುವ ಶಾಖದ ಸುಮಾರು ಮೂರನೇ ಒಂದು ಭಾಗ ಗೋಡೆಗಳ ಮೂಲಕವೇ ಹೋಗುತ್ತದೆ. ಉಳಿದದ್ದು ಮಾಡು, ಕಿಟಕಿ, ನೆಲ ಮತ್ತು ಸಂದುಗೊಂದುಗಳ ಪಾಲು. ಗೋಡೆಗೆ ನಿರೋಧನ ಹಾಕಿಸಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಯಾವ ವಸ್ತು ಒಳ್ಳೆಯದು, ಎಷ್ಟು ದಪ್ಪ ಬೇಕು? ಎರಡಕ್ಕೂ ಉತ್ತರ ಸುಲಭ. ಕೆಲಸ ಕೆಡುವುದು ಬೇರೆ ಕಡೆ. ಗಾಳಿ ಓಡಾಡಲು ಬಿಟ್ಟ ಸಂದಿನಲ್ಲಿ, ನೀರು ಹೊಕ್ಕ ಬಿರುಕಿನಲ್ಲಿ, ಹೊದಿಕೆ ತುಂಡಾಗಿ ನಿಂತ ಅಂಚಿನಲ್ಲಿ. ಹಾಗಾಗಿ ಈ ಬರಹದಲ್ಲಿ ವಸ್ತುಗಳಿಗಿಂತ ಅಂಚುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿಶ್ಚಲವಾಗಿದ್ದರೆ ಮಾತ್ರ ಗಾಳಿ ನಿರೋಧಕ

ಶಾಖ ಸಾಗುವ ದಾರಿಗಳು ಮೂರು ಎಂದು ಶಾಲೆಯಲ್ಲಿ ಓದಿರುತ್ತೇವೆ: ವಹನ, ಸಂವಹನ, ವಿಕಿರಣ. ಗಟ್ಟಿ ಗೋಡೆಯೊಳಗೆ ನಡೆಯುವುದು ಮುಖ್ಯವಾಗಿ ವಹನ. ಈ ಹರಿವನ್ನು ಲೆಕ್ಕ ಹಾಕುವ ಸೂತ್ರವನ್ನು ಫ್ರೆಂಚ್ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದ. ಇಂದಿಗೂ ಕಟ್ಟಡದ ಎಂಜಿನಿಯರುಗಳು ಬಳಸುವುದು ಅದನ್ನೇ. ಒಂದು ಮೀಟರ್ ದಪ್ಪ, ಒಂದು ಚದರ ಮೀಟರ್ ವಿಸ್ತಾರದ ವಸ್ತುವಿನ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಎಷ್ಟು ವ್ಯಾಟ್ ಶಾಖ ಹರಿಯುತ್ತದೆ ಎಂಬುದೇ ಆ ವಸ್ತುವಿನ ಉಷ್ಣವಾಹಕತೆ. ಉಕ್ಕಿಗೆ ಅದು ಸುಮಾರು 50, ಕಾಂಕ್ರೀಟಿಗೆ 1.5ರಿಂದ 2, ಇಟ್ಟಿಗೆಗೆ 0.7ರ ಆಸುಪಾಸು, ಮೃದು ಮರಕ್ಕೆ 0.13. ಕದಲದೆ ನಿಂತ ಗಾಳಿಗೆ ಬರೀ 0.025. ಅಂದರೆ ಇಟ್ಟಿಗೆಗಿಂತ ಗಾಳಿ ಸುಮಾರು ಇಪ್ಪತ್ತೆಂಟು ಪಟ್ಟು ಉತ್ತಮ ನಿರೋಧಕ.

ಹಾಗಾದರೆ ಎರಡು ಗೋಡೆ ಕಟ್ಟಿ ನಡುವೆ ಖಾಲಿ ಜಾಗ ಬಿಟ್ಟರೆ ಸಾಲದೇ? ಸಾಲದು. 50 ಮಿಲಿಮೀಟರ್ ಗಾಳಿ ಕದಲದೆ ನಿಂತಿದ್ದರೆ ಅದರ ಉಷ್ಣ ರೋಧ, ಅಂದರೆ ಮೀಟರಿನಲ್ಲಿ ಅಳೆದ ದಪ್ಪವನ್ನು ವಾಹಕತೆಯಿಂದ ಭಾಗಿಸಿದಾಗ ಸಿಗುವ ಶಾಖ ತಡೆಯುವ ಶಕ್ತಿ, 2 ಆಗಬೇಕಿತ್ತು. ನಿಜವಾದ ಗೋಡೆಯ ಟೊಳ್ಳಿನಲ್ಲಿ ಅದು ಕೇವಲ 0.18. ಹತ್ತನೇ ಒಂದು ಪಾಲೂ ಇಲ್ಲ. ಕಾರಣ ಎರಡು. ಬೆಚ್ಚಗಿನ ಬದಿಗೆ ತಾಗಿದ ಗಾಳಿ ಹಗುರವಾಗಿ ಮೇಲೇರುತ್ತದೆ, ತಣ್ಣನೆಯ ಬದಿಯದು ಭಾರವಾಗಿ ಕೆಳಗಿಳಿಯುತ್ತದೆ. ಹೀಗೆ ಸುತ್ತು ಹಾಕುತ್ತಲೇ ಗಾಳಿ ಶಾಖವನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಜೊತೆಗೆ ಬೆಚ್ಚಗಿನ ಮೇಲ್ಮೈ ತನ್ನ ಎದುರಿನ ತಣ್ಣನೆಯ ಮೇಲ್ಮೈಗೆ ವಿಕಿರಣದ ಮೂಲಕ ನೇರವಾಗಿ ಶಾಖ ದಾಟಿಸುತ್ತದೆ. ಟೊಳ್ಳನ್ನು 25 ಮಿಲಿಮೀಟರಿಗಿಂತ ಅಗಲ ಮಾಡಿದರೂ ಲಾಭವಿಲ್ಲ, ಗಾಳಿಗೆ ಸುತ್ತಲು ಇನ್ನಷ್ಟು ಜಾಗ ಸಿಗುತ್ತದೆ ಅಷ್ಟೇ.

ಮಾರುಕಟ್ಟೆಯಲ್ಲಿ ಸಿಗುವ ನಿರೋಧಕಗಳೆಲ್ಲ ಈ ತೊಂದರೆಗೆ ಹುಡುಕಿದ ಉತ್ತರಗಳು. ಗಾಜಿನ ಉಣ್ಣೆ, ಕಲ್ಲಿನ ಉಣ್ಣೆ, ಹಳೆ ಪತ್ರಿಕೆಗಳಿಂದ ಮಾಡುವ ಸೆಲ್ಯುಲೋಸ್, ಕುರಿಯ ಉಣ್ಣೆ, ಮರದ ನಾರಿನ ಹಲಗೆ, ಕಾರ್ಕ್, ಥರ್ಮೋಕೋಲ್: ಇವುಗಳಲ್ಲಿ ಬಹುಪಾಲು ಇರುವುದು ಗಾಳಿಯೇ. ಥರ್ಮೋಕೋಲಿನ ಗಾತ್ರದಲ್ಲಿ ಶೇಕಡ 98ರಷ್ಟು ಗಾಳಿ. ನಾರು, ಗುಳ್ಳೆಗಳ ಕೆಲಸವೆಂದರೆ ಆ ಗಾಳಿಯನ್ನು ಕದಲದಂತೆ ಹಿಡಿಯುವುದು ಮತ್ತು ವಿಕಿರಣಕ್ಕೆ ಅಡ್ಡ ನಿಲ್ಲುವುದು. ಅದಕ್ಕಾಗಿಯೇ ಇವೆಲ್ಲದರ ವಾಹಕತೆ ಸರಿಸುಮಾರು 0.03ರಿಂದ 0.045ರ ನಡುವೆ ಬಂದು ನಿಲ್ಲುತ್ತದೆ. ಪಾಲಿಯುರೆಥೇನ್ ಫೋಮ್ 0.025ರ ಆಸುಪಾಸಿಗೆ ಇಳಿಯುವುದು ಅದರ ಗುಳ್ಳೆಗಳಲ್ಲಿ ಗಾಳಿಯ ಬದಲು ಇನ್ನೂ ಕಡಿಮೆ ವಾಹಕತೆಯ ಅನಿಲ ಇರುವುದರಿಂದ. ವರ್ಷಗಳು ಕಳೆದಂತೆ ಆ ಅನಿಲ ಸ್ವಲ್ಪ ಸ್ವಲ್ಪವೇ ಹೊರಹೋಗಿ ಗುಣ ಒಂದಿಷ್ಟು ತಗ್ಗುತ್ತದೆ. 1931ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಕಿಸ್ಟ್ಲರ್ ಮೊದಲ ಬಾರಿಗೆ ತಯಾರಿಸಿದ ಏರೋಜೆಲ್ ಎಂಬ ಅತಿ ಹಗುರವಾದ ರಂಧ್ರಮಯ ವಸ್ತು ಇನ್ನೂ ಸೋಜಿಗದ್ದು. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಗಾಳಿಯ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಶಾಖ ದಾಟಿಸುವ ಮೊದಲೇ ರಂಧ್ರದ ಗೋಡೆಗೆ ಬಡಿಯುತ್ತವೆ. ಹೀಗಾಗಿ ಅದು ನಿಶ್ಚಲ ಗಾಳಿಯನ್ನೂ ಮೀರಿಸುತ್ತದೆ. ಆದರೆ ದುಬಾರಿ. ಕಿಟಕಿಯ ಪಕ್ಕದಂಥ ಇಕ್ಕಟ್ಟಿನ ಜಾಗಗಳಿಗಷ್ಟೇ ಬಳಸುವುದು ಸರಿ.

ಸಾಮಾನ್ಯ ನಿರೋಧಕಗಳ ನಡುವೆ ಇರುವ ವ್ಯತ್ಯಾಸ ಅಷ್ಟು ದೊಡ್ಡದಲ್ಲ. 100 ಮಿಲಿಮೀಟರ್ ಗಾಜಿನ ಉಣ್ಣೆ ಮಾಡುವ ಕೆಲಸವನ್ನು ಸುಮಾರು 115 ಮಿಲಿಮೀಟರ್ ಸೆಲ್ಯುಲೋಸ್ ಮಾಡುತ್ತದೆ. ಆ 15 ಮಿಲಿಮೀಟರಿನ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದಕ್ಕಿಂತ, ನಮ್ಮ ಗೋಡೆಯ ತೇವ, ಬೆಂಕಿಯ ಅಪಾಯ, ಕೆಲಸಗಾರರಿಗೆ ಆ ವಸ್ತುವಿನ ಪರಿಚಯ ಇವುಗಳನ್ನು ನೋಡಿ ಆರಿಸುವುದು ಜಾಣತನ.

ಒಂದು ಗೋಡೆಯ ಲೆಕ್ಕ

ಈಗ ಒಂದು ಗೋಡೆಯನ್ನು ಹಿಡಿದು ಲೆಕ್ಕ ಮಾಡೋಣ. ದಪ್ಪ 22 ಸೆಂಟಿಮೀಟರ್, ಟೊಳ್ಳಿಲ್ಲದ ಇಟ್ಟಿಗೆ ಗೋಡೆ. ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಉಷ್ಣ ರೋಧ ಸಿಗುತ್ತದೆ: 0.22ನ್ನು 0.7ರಿಂದ ಭಾಗಿಸಿದಾಗ 0.31. ಗೋಡೆಯ ಒಳಮೈಗೆ ಅಂಟಿದಂತಿರುವ ತೆಳು ಗಾಳಿಯ ಪದರಕ್ಕೆ 0.13, ಹೊರಮೈಯದಕ್ಕೆ 0.04 ಎಂದು ಹಿಡಿಯುವುದು ರೂಢಿ. ಒಟ್ಟು 0.48. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಡಿಗ್ರಿ ಇದ್ದಾಗ, ಆ 20 ಡಿಗ್ರಿ ವ್ಯತ್ಯಾಸವನ್ನು ಈ ಒಟ್ಟು ರೋಧದಿಂದ ಭಾಗಿಸಿದರೆ, ಪ್ರತಿ ಚದರ ಮೀಟರಿನಿಂದ ಸುಮಾರು 41 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಹೊರಗೋಡೆಯ ವಿಸ್ತಾರ 100 ಚದರ ಮೀಟರ್ ಇದ್ದರೆ 4,100 ವ್ಯಾಟ್. ಎರಡು ಕಿಲೋವ್ಯಾಟಿನ ಎರಡು ಹೀಟರುಗಳನ್ನು ಹಗಲೂ ರಾತ್ರಿ ಉರಿಸಿ, ಅವುಗಳ ಶಾಖವೆಲ್ಲವನ್ನೂ ಗೋಡೆಯ ಮೂಲಕ ಬೀದಿಗೆ ಕಳಿಸಿದ ಹಾಗಾಯಿತು.

ಈ ಗೋಡೆಗೆ 0.035 ವಾಹಕತೆಯ ಕಲ್ಲಿನ ಉಣ್ಣೆಯನ್ನು 50 ಮಿಲಿಮೀಟರ್ ಹೊದಿಸಿದರೆ ಸೋರಿಕೆ ಚದರ ಮೀಟರಿಗೆ 41ರಿಂದ 10.5 ವ್ಯಾಟಿಗೆ ಇಳಿಯುತ್ತದೆ. 100 ಮಿಲಿಮೀಟರ್ ಹೊದಿಸಿದರೆ 6 ವ್ಯಾಟ್. 200 ಮಿಲಿಮೀಟರಿಗೆ 3.2. ಮೊದಲ ಐದು ಸೆಂಟಿಮೀಟರುಗಳೇ ಮುಕ್ಕಾಲು ಪಾಲು ಸೋರಿಕೆಯನ್ನು ತಡೆದುಬಿಟ್ಟವು. ಮುಂದಿನ ಐದರಿಂದ ಉಳಿತಾಯವಾದದ್ದು ನಾಲ್ಕೂವರೆ ವ್ಯಾಟ್. ಅದರ ಮೇಲಿನ ಹತ್ತು ಸೆಂಟಿಮೀಟರುಗಳಿಂದ ಮೂರು ವ್ಯಾಟಿಗೂ ಕಡಿಮೆ. ದಪ್ಪ ಹೆಚ್ಚಿದಂತೆ ಲಾಭ ಬೇಗನೆ ಕುಗ್ಗುತ್ತದೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಇದನ್ನು ಕಂಡು ತೆಳುವಾಗಿಯೇ ಹಾಕಿಸಿದರೆ ಸಾಕು ಎಂದು ಕೆಲವರು ತೀರ್ಮಾನಿಸುತ್ತಾರೆ. ಹೊರಗಿನಿಂದ ಹೊದಿಸುವಾಗ ನಾನು ಇದನ್ನು ಒಪ್ಪುವುದಿಲ್ಲ. ಸಾರುವೆ ಕಟ್ಟುವ ಕೂಲಿ, ಗಾರೆ, ಬಣ್ಣ ಇವೆಲ್ಲ 50 ಮಿಲಿಮೀಟರಿಗೂ 150 ಮಿಲಿಮೀಟರಿಗೂ ಹೆಚ್ಚುಕಡಿಮೆ ಒಂದೇ. ದಪ್ಪಕ್ಕೆ ತಕ್ಕಂತೆ ಏರುವುದು ವಸ್ತುವಿನ ಬೆಲೆ ಮಾತ್ರ. ಒಮ್ಮೆ ಹಾಕಿಸಿದ್ದನ್ನು ದಶಕಗಳ ಕಾಲ ಯಾರೂ ಕಿತ್ತು ದಪ್ಪ ಮಾಡುವುದಿಲ್ಲ. ಜಾಗವಿದ್ದಷ್ಟು ದಪ್ಪ ಹಾಕಿಸುವುದೇ ಮೇಲು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಕಟ್ಟಿ ಮುಗಿಸಿದ ಮೊದಲ ಪ್ಯಾಸಿವ್ ಹೌಸ್‌ನ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ ಬೆಚ್ಚಗಿರುವಂತೆ ಕಟ್ಟಿದ ಮನೆಯ, ಹೊರಗೋಡೆಗೆ 275 ಮಿಲಿಮೀಟರ್ ಥರ್ಮೋಕೋಲ್ ಹೊದಿಸಿದ್ದರು. ಅದರ ಅನುಭವದಿಂದ ರೂಪುಗೊಂಡ ಮಾನದಂಡದ ಪ್ರಕಾರ, ಕೋಣೆಗಳನ್ನು ಬೆಚ್ಚಗಿಡಲು ಒಂದು ಚದರ ಮೀಟರ್ ನೆಲಕ್ಕೆ ವರ್ಷವೊಂದಕ್ಕೆ 15 ಯೂನಿಟ್‌ಗಿಂತ ಹೆಚ್ಚು ಶಕ್ತಿ ಬೇಕಾಗಬಾರದು.

ಬಿಲ್ಲು ಕಡಿಮೆಯಾಗುವುದಷ್ಟೇ ಲಾಭವೆಂದು ಎಣಿಸಬಾರದು. ಹಿಂದಿನ ಲೆಕ್ಕದಲ್ಲೇ ಇನ್ನೊಂದು ಅಂಕಿ ಅಡಗಿದೆ: ಗೋಡೆಯ ಒಳಮೈಯ ಉಷ್ಣತೆ. ಬರಿಯ ಇಟ್ಟಿಗೆ ಗೋಡೆಯ ಒಳಮೈ 14.6 ಡಿಗ್ರಿಯಲ್ಲಿರುತ್ತದೆ, 100 ಮಿಲಿಮೀಟರ್ ಹೊದಿಕೆಯ ಗೋಡೆಯದು 19.2ರಲ್ಲಿ. ಮೈಗೆ ಅನಿಸುವ ಬಿಸುಪು ಕೋಣೆಯ ಗಾಳಿ ಮತ್ತು ಸುತ್ತಲಿನ ಮೇಲ್ಮೈಗಳು ಎರಡನ್ನೂ ಸರಿಸುಮಾರು ಸಮಪಾಲಿನಲ್ಲಿ ಅವಲಂಬಿಸಿರುತ್ತದೆ. ಆರಂಭದಲ್ಲಿ ಹೇಳಿದ ತಣ್ಣನೆಯ ಭುಜಕ್ಕೆ ಕಾರಣ ಇದು. ಗೋಡೆ ಬೆಚ್ಚಗಾದ ಮೇಲೆ ಹೀಟರನ್ನು ಒಂದೆರಡು ಡಿಗ್ರಿ ಇಳಿಸಿದರೂ ಹಿಂದಿಗಿಂತ ಹಿತವಾಗಿಯೇ ಇರುತ್ತದೆ.

ಆರೋಗ್ಯದ ಮಾತೂ ಇಲ್ಲಿಯೇ ಬರುತ್ತದೆ. ಗೋಡೆಗೆ ಬೂಷ್ಟು ಹಿಡಿಯಲು ನೀರು ಇಳಿಯಬೇಕಾಗಿಲ್ಲ. ಮೇಲ್ಮೈಯ ಪಕ್ಕದ ಗಾಳಿಯ ತೇವಾಂಶ ಹಲವು ದಿನಗಳ ಕಾಲ ಶೇಕಡ 80ರ ಮೇಲಿದ್ದರೆ ಸಾಕು. 20 ಡಿಗ್ರಿಯ, ಶೇಕಡ 50 ತೇವಾಂಶದ ಕೋಣೆಯಲ್ಲಿ ಯಾವುದೇ ಮೇಲ್ಮೈ ಸುಮಾರು 12.6 ಡಿಗ್ರಿಗಿಂತ ಕೆಳಗಿಳಿದರೆ ಅಲ್ಲಿ ಈ ಸ್ಥಿತಿ ಬರುತ್ತದೆ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದಾಗ ನಮ್ಮ ಬರಿಯ ಇಟ್ಟಿಗೆ ಗೋಡೆಯ ಒಳಮೈ 12 ಡಿಗ್ರಿಯಲ್ಲಿರುತ್ತದೆ. ಮೂಲೆಗಳಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಹಿಂದೆ ಇನ್ನೂ ಕಡಿಮೆ. ಒರೆಸಿ, ಬ್ಲೀಚ್ ಹಚ್ಚಿ, ಬಣ್ಣ ಬಳಿದರೂ ಬೂಷ್ಟು ಅದೇ ಮೂಲೆಗೆ ಮತ್ತೆ ಮತ್ತೆ ಬರುವುದು ಏಕೆ ಎಂದು ಈಗ ತಿಳಿಯುತ್ತದೆ. ಎಳೆ ಮಕ್ಕಳು, ಉಬ್ಬಸವಿರುವವರು ಮಲಗುವ ಕೋಣೆಗಳಲ್ಲಿ ಇದು ನಿಜಕ್ಕೂ ಚಿಂತೆಯ ವಿಷಯ.

ಹೊರಗೋ, ಒಳಗೋ, ನಡುವೆಯೋ

ಗೋಡೆಯ ನಡುವೆ ಟೊಳ್ಳಿದ್ದರೆ ಅದನ್ನು ತುಂಬುವುದು ಅಗ್ಗದ, ಬೇಗ ಮುಗಿಯುವ ದಾರಿ. ಹೊರಗೋಡೆಯ ಗಾರೆಯ ಸಂದುಗಳಲ್ಲಿ ಎರಡು ಎರಡೂವರೆ ಸೆಂಟಿಮೀಟರ್ ಅಗಲದ ರಂಧ್ರಗಳನ್ನು ಕೊರೆದು, ಕೊಳವೆಯ ಮೂಲಕ ಥರ್ಮೋಕೋಲ್ ಮಣಿಗಳನ್ನೋ ಉಣ್ಣೆಯನ್ನೋ ಊದಿ ತುಂಬಿ, ರಂಧ್ರ ಮುಚ್ಚುತ್ತಾರೆ. ಸಾಧಾರಣ ಮನೆಗೆ ಒಂದು ದಿನದ ಕೆಲಸ. ಆದರೆ ಆ ಟೊಳ್ಳನ್ನು ಮೊದಲು ಬಿಟ್ಟದ್ದೇಕೆ ಎಂಬುದನ್ನು ಮರೆಯಬಾರದು. ಹೊರಗಿನ ಇಟ್ಟಿಗೆ ಹೀರಿಕೊಂಡ ಮಳೆನೀರು ಒಳಗೋಡೆಗೆ ದಾಟದೆ ಕೆಳಗಿಳಿದು ಹೋಗಲಿ ಎಂದು ಬಿಟ್ಟ ಜಾಗ ಅದು. ಗಾಳಿಯ ಜೊತೆ ಮಳೆ ಅಪ್ಪಳಿಸುವ ಕಡೆಗಳಲ್ಲಿ, ಹೊರಮೈಯ ಗಾರೆ ಬಿರುಕು ಬಿಟ್ಟಿರುವಲ್ಲಿ, ಟೊಳ್ಳಿನ ತಳದಲ್ಲಿ ಕಟ್ಟುವಾಗ ಉದುರಿದ ಗಾರೆಯ ರಾಶಿ ಇರುವಲ್ಲಿ, ಹಾಗೆಯೇ ತುಂಬಿಬಿಟ್ಟರೆ ನೀರು ಒಳಗೆ ದಾಟುತ್ತದೆ. ತುಂಬುವ ಮೊದಲು ಸಣ್ಣ ಕ್ಯಾಮೆರಾ ಇಳಿಬಿಟ್ಟು ಒಳಗೆ ಏನಿದೆ ಎಂದು ನೋಡಿಸಿಕೊಳ್ಳಬೇಕು. ಈ ತಪಾಸಣೆಯಿಲ್ಲದೆ ತುಂಬಲು ಬರುವವರನ್ನು ವಾಪಸ್ ಕಳಿಸುವುದು ಉತ್ತಮ.

ಹೊರಗಿನಿಂದ ಹೊದಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಸರಿಯಾದ ದಾರಿ. ಗೋಡೆಯ ಮೇಲೆ ಹಲಗೆಗಳನ್ನು ಅಂಟಿಸಿ, ಮೊಳೆಗಳಿಂದ ಭದ್ರಪಡಿಸಿ, ಮೇಲೆ ತೆಳು ಗಾರೆ, ಅದರೊಳಗೆ ಹುದುಗಿಸಿದ ಗಾಜಿನ ಎಳೆಯ ಜಾಲರಿ, ಕೊನೆಗೆ ಬಣ್ಣದ ಗಾರೆ. ಇಡೀ ಗೋಡೆ ಹೊದಿಕೆಯ ಒಳಗಿನ ಬೆಚ್ಚಗಿನ ಬದಿಗೆ ಸೇರುವುದರಿಂದ ಅದು ಒಣಗಿರುತ್ತದೆ, ಬಿಸಿಲು ಚಳಿಗಳಿಗೆ ಹಿಗ್ಗಿ ಕುಗ್ಗುವುದು ತಗ್ಗುತ್ತದೆ. ಇಟ್ಟಿಗೆಯ ರಾಶಿ ಶಾಖವನ್ನು ಹಿಡಿದಿಟ್ಟುಕೊಂಡು ಒಳಗಿನ ಉಷ್ಣತೆ ಏರುಪೇರಾಗದಂತೆ ನೋಡಿಕೊಳ್ಳುತ್ತದೆ. ಮಹಡಿಯ ಕಾಂಕ್ರೀಟ್ ಚಪ್ಪಡಿಯ ಅಂಚುಗಳೂ ಹೊದಿಕೆಯೊಳಗೆ ಬರುತ್ತವೆ.

ಸವಾಲು ಇರುವುದು ವಿವರಗಳಲ್ಲಿ. ಗೋಡೆ ಹದಿನೈದು ಸೆಂಟಿಮೀಟರ್ ದಪ್ಪವಾದ ಮೇಲೆ ಕಿಟಕಿಯ ಹೊಸ್ತಿಲಿನ ಕಲ್ಲು ಚಿಕ್ಕದಾಗುತ್ತದೆ. ಅದನ್ನು ಉದ್ದ ಮಾಡದಿದ್ದರೆ ಮಳೆನೀರು ಹೊದಿಕೆಯ ನೆತ್ತಿಯ ಮೇಲೇ ಇಳಿಯುತ್ತದೆ. ಸೂರು ಸಾಕಷ್ಟು ಮುಂದೆ ಚಾಚಿರದಿದ್ದರೆ ಅದನ್ನೂ ಚಾಚಿಸಬೇಕು. ಮಳೆನೀರಿನ ಕೊಳವೆಗಳನ್ನು ಬಿಚ್ಚಿ ಮುಂದಕ್ಕೆ ತರಬೇಕು. ನೆಲಕ್ಕೆ ಹತ್ತಿರದ, ಮಳೆಹನಿ ಸಿಡಿಯುವ ಪಟ್ಟಿಯಲ್ಲಿ ಉಣ್ಣೆ ಬಳಸುವಂತಿಲ್ಲ, ನೀರು ಹೀರದ ಗಟ್ಟಿ ಫೋಮ್ ಹಲಗೆಯೇ ಬೇಕು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಬಯಲಿಗೆ ಬಂದ ಪ್ರಕರಣ ಇಂಥ ವಿವರಗಳ ಬೆಲೆಯನ್ನು ತೋರಿಸಿಕೊಟ್ಟಿತು. ಅಲ್ಲಿ ಮರದ ಚೌಕಟ್ಟಿನ ಮನೆಗಳ ಮೇಲೆ ಫೋಮ್ ಹಲಗೆ ಮತ್ತು ತೆಳು ಗಾರೆ ಹೊದಿಸಿದ್ದರು. ಕಿಟಕಿಗಳ ಅಂಚಿನಿಂದ, ಸಂದುಗಳಿಂದ ಹೊಕ್ಕ ಮಳೆನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುತ್ತಿದ್ದ ಗೋಡೆಗಳ ಒಳಗೆ ಮರ ಕೊಳೆಯುತ್ತಿತ್ತು. ಆಮೇಲೆ ಮರದ ಚೌಕಟ್ಟಿನ ಮನೆಗಳಲ್ಲಿ ಹೊದಿಕೆಯ ಹಿಂದೆ ನೀರು ಇಳಿದು ಹೋಗಲು ಕಿರಿದಾದ ಸಂದು ಬಿಡುವ ಕ್ರಮ ಬಂದಿತು.

ಮನೆಯ ಮುಖಭಾಗದ ಕುಸುರಿ ಕೆಲಸ ಉಳಿಸಿಕೊಳ್ಳಬೇಕಾದಾಗ, ಬಹುಮಹಡಿ ಕಟ್ಟಡದಲ್ಲಿ ಒಂದೇ ಮನೆ ನಮ್ಮದಾಗಿದ್ದಾಗ, ಒಳಗಿನಿಂದ ಹೊದಿಸುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೂರರಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಇದು. ಒಳಗೆ ಹೊದಿಕೆ ಬಿದ್ದ ಕೂಡಲೇ ಹಳೆಯ ಗೋಡೆ ಚಳಿಯ ಪಾಲಾಗುತ್ತದೆ. ಹಿಂದೆ ಕೋಣೆಯ ಶಾಖದಿಂದ ಒಣಗುತ್ತಿದ್ದ ಇಟ್ಟಿಗೆ ಈಗ ಮಳೆಯಲ್ಲಿ ನೆಂದು ಒದ್ದೆಯಾಗಿಯೇ ಉಳಿಯುತ್ತದೆ. ಹಿಮ ಬೀಳುವ ಕಡೆ ಇಟ್ಟಿಗೆಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಅದರ ಮುಖ ಪದರ ಪದರವಾಗಿ ಸಿಡಿಯುತ್ತದೆ. ಗೋಡೆಯಲ್ಲಿ ಹುಗಿದ ಮರದ ತೊಲೆಗಳ ತುದಿಗಳು ತಣ್ಣಗಾಗಿ, ತೇವಗೊಂಡು, ಯಾರಿಗೂ ಕಾಣದ ಜಾಗದಲ್ಲಿ ಕೊಳೆಯಲು ತೊಡಗಬಹುದು. ಇಲ್ಲಿ ದಪ್ಪದ ದುರಾಸೆ ಬೇಡ. ಮೊದಲ 50 ಮಿಲಿಮೀಟರ್ ಮುಕ್ಕಾಲು ಪಾಲು ಸೋರಿಕೆ ತಡೆಯುತ್ತದೆಂದು ಆಗಲೇ ನೋಡಿದೆವು. ಒಳಹೊದಿಕೆಗೆ 50ರಿಂದ 80 ಮಿಲಿಮೀಟರ್ ಸಾಕು. ತೇವವನ್ನು ಹೀರಿ ಮತ್ತೆ ಒಳಗಡೆಗೆ ಒಣಗಲು ಬಿಡುವ ಕ್ಯಾಲ್ಸಿಯಂ ಸಿಲಿಕೇಟ್ ಹಲಗೆ ಅಥವಾ ಸುಣ್ಣದ ಗಾರೆಯ ಮೇಲೆ ಮರದ ನಾರಿನ ಹಲಗೆ ಹಳೆಯ ಗೋಡೆಗಳಿಗೆ ಹೊಂದುತ್ತವೆ. ನೆಲದಿಂದ ತೇವ ಏರುತ್ತಿರುವ, ಮಳೆಗೆ ಒಸರುತ್ತಿರುವ ಗೋಡೆಗೆ ಇದಾವುದನ್ನೂ ಹಾಕಬಾರದು. ಮೊದಲು ಗೋಡೆ ಒಣಗಬೇಕು.

ನೀರಿನ ದಾರಿ

ನಿಶ್ಚಲ ಗಾಳಿಯ ವಾಹಕತೆ 0.025 ಎಂದೆವಲ್ಲ, ನೀರಿನದು 0.6. ಇಪ್ಪತ್ತನಾಲ್ಕು ಪಟ್ಟು. ಮಂಜುಗಡ್ಡೆಯದು 2ಕ್ಕೂ ಹೆಚ್ಚು. ಒದ್ದೆಯಾದ ಕಂಬಳಿ ಹೊದ್ದವರಿಗೆ ಗೊತ್ತಿರುವಂತೆ, ನೆಂದ ನಿರೋಧಕ ಇದ್ದೂ ಇಲ್ಲದಂತೆ.

ಮಳೆಯ ಹೊರತಾಗಿ ನೀರು ಗೋಡೆಗೆ ಬರುವುದು ಒಳಗಿನ ಗಾಳಿಯ ಆವಿಯ ರೂಪದಲ್ಲಿ. ಅಡುಗೆ, ಸ್ನಾನ, ಒಣಹಾಕಿದ ಬಟ್ಟೆ, ನಮ್ಮ ಉಸಿರು ಎಲ್ಲವೂ ಆವಿ ಬಿಡುತ್ತವೆ. ಈ ಬೆಚ್ಚಗಿನ ತೇವದ ಗಾಳಿ ನಿರೋಧಕದೊಳಗೆ ನುಸುಳಿ ಅದರಾಚೆಯ ತಣ್ಣನೆಯ ಮೇಲ್ಮೈಗೆ ತಾಗಿದರೆ ಇಬ್ಬನಿಯಾಗಿ ಇಳಿಯುತ್ತದೆ. 20 ಡಿಗ್ರಿಯ, ಶೇಕಡ 50 ತೇವಾಂಶದ ಗಾಳಿಗೆ ಇಬ್ಬನಿ ಬಿಂದು, ಅಂದರೆ ಆವಿ ನೀರಾಗತೊಡಗುವ ಉಷ್ಣತೆ, ಸುಮಾರು 9.3 ಡಿಗ್ರಿ. ಆದ್ದರಿಂದ ಆವಿ ತಡೆಯುವ ಹಾಳೆಯನ್ನು ಬೆಚ್ಚಗಿನ ಬದಿಗೆ ಹಾಕಬೇಕು ಎಂಬ ನಿಯಮ. ಚಳಿ ಪ್ರದೇಶದಲ್ಲಿ ಅದು ಒಳಬದಿ. ಸೆಖೆಯ, ತೇವದ ಪ್ರದೇಶದಲ್ಲಿ ಎ.ಸಿ. ಹಾಕಿದ ಮನೆಗೆ ಬೆಚ್ಚಗಿನ ಬದಿ ಎಂದರೆ ಹೊರಗಡೆ. ಅಲ್ಲಿ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಹಾಕಿದರೆ ಹೊರಗಿನಿಂದ ಬಂದ ಆವಿ ಅದರ ಹಿಂದೆ ನೀರಾಗಿ ಕೂರುತ್ತದೆ. ಚಳಿ ಸೀಮೆಗೆಂದು ಬರೆದ ಕೈಪಿಡಿಯನ್ನು ಹಾಗೆಯೇ ಬಿಸಿ ಸೀಮೆಗೆ ತಂದಾಗ ಆಗುವ ಅನಾಹುತ ಇದು. ಋತುವಿಗೆ ತಕ್ಕಂತೆ ಆವಿಯ ದಿಕ್ಕು ಬದಲಾಗುವ ಕಡೆಗಳಲ್ಲಿ, ತೇವ ಹೆಚ್ಚಿದಾಗ ಆವಿಯನ್ನು ಬಿಡುವ, ಒಣಗಿದ್ದಾಗ ತಡೆಯುವ ಹಾಳೆಗಳಿವೆ. ಎರಡೂ ಬದಿಗೆ ಪ್ಲಾಸ್ಟಿಕ್ ಹೊದಿಸುವುದಂತೂ ಎಲ್ಲಿಯೂ ಸಲ್ಲದು. ಗೋಡೆ ಎಂದಾದರೂ ನೆನೆಯುತ್ತದೆ ಎಂದೇ ಎಣಿಸಿ, ಒಂದು ಬದಿಗಾದರೂ ಒಣಗುವ ದಾರಿ ಬಿಟ್ಟಿರಬೇಕು.

ಹಾಳೆಯ ಮೂಲಕ ಹಾಯುವ ಆವಿಗಿಂತ ಹಾಳೆಯ ತೂತಿನ ಮೂಲಕ ಗಾಳಿಯ ಜೊತೆ ಸಾಗುವ ಆವಿ ಎಷ್ಟೋ ಪಟ್ಟು ಹೆಚ್ಚು. ಸ್ವಿಚ್ ಪೆಟ್ಟಿಗೆಗೆಂದು ಕತ್ತರಿಸಿ ಹಾಗೆಯೇ ಬಿಟ್ಟ ಒಂದು ಸಣ್ಣ ಕಿಂಡಿಯಿಂದ ಇಡೀ ಚಳಿಗಾಲ ಸೋರುವ ಗಾಳಿ ಗೋಡೆಯೊಳಗೆ ಲೀಟರುಗಟ್ಟಲೆ ನೀರು ಬಿಡಬಲ್ಲದು. ಹಾಳೆಯ ಗುಣಮಟ್ಟ ಎಂಥದು ಎಂದು ಕೇಳುವವರು ಅದರ ಜೋಡಣೆಗೆ ಬಳಸುವ ಟೇಪು ಎಂಥದು ಎಂದೂ ಕೇಳಬೇಕು.

ಅಂಚುಗಳು, ಸೇತುವೆಗಳು

ಶಾಖಕ್ಕೆ ಸುಲಭದ ದಾರಿ ಒದಗಿಸುವ ಜಾಗಕ್ಕೆ ಉಷ್ಣ ಸೇತುವೆ ಎನ್ನುತ್ತಾರೆ. ಮರದ ಕಂಬಗಳ ನಡುವೆ 100 ಮಿಲಿಮೀಟರ್ ಉಣ್ಣೆ ತುಂಬಿದ ಗೋಡೆಯನ್ನೇ ತೆಗೆದುಕೊಳ್ಳಿ. ವಿಸ್ತಾರದ ಶೇಕಡ 15ರಷ್ಟು ಮರವಿದ್ದರೆ, ಕಾಗದದ ಮೇಲೆ 2.86 ಇರುವ ಉಷ್ಣ ರೋಧ ಸುಮಾರು 2.1ಕ್ಕೆ ಕುಸಿಯುತ್ತದೆ. ಮರದ ಬದಲು ಉಕ್ಕಿನ ಕಂಬಗಳಾದರೆ ಇನ್ನೂ ಕೆಟ್ಟದು, ಏಕೆಂದರೆ ಉಕ್ಕು ಉಣ್ಣೆಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಉತ್ತಮ ವಾಹಕ. ಕಂಬಗಳ ಮೇಲೆ ಅಡ್ಡಲಾಗಿ ಇನ್ನೊಂದು ತೆಳು ನಿರೋಧಕ ಪದರ ಹಾಯಿಸಿದರೆ ಈ ನಷ್ಟದ ಬಹುಪಾಲು ತಪ್ಪುತ್ತದೆ.

ಕಿಟಕಿಯ ಅಂಚನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹೊರಗೋಡೆಗೆ ದಪ್ಪನೆಯ ಹಲಗೆ ಹೊದಿಸಿ, ಕಿಟಕಿಯ ತೆರಪಿನ ಮೂಲೆಗೆ ತಂದು ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಮೂಲೆಯಿಂದ ಕಿಟಕಿಯ ಚೌಕಟ್ಟಿನವರೆಗೆ ಇರುವ ಒಂದು ಗೇಣು ಅಗಲದ ಪಕ್ಕದ ಗೋಡೆ ಬರಿದಾಗಿಯೇ ಉಳಿದಿದೆ. ಒಳಗಿನ ಶಾಖ ಹೊದಿಕೆಯನ್ನು ಬಳಸಿಕೊಂಡು ಆ ಬರಿಯ ಇಟ್ಟಿಗೆಯ ಮೂಲಕ ಹೊರಗೆ ಹೋಗುತ್ತದೆ. ಚೌಕಟ್ಟನ್ನು ಸುತ್ತುವರಿದ ಒಳಗಿನ ಗಾರೆಯ ಪಟ್ಟಿ ತಣ್ಣಗಾಗಿ, ಇಡೀ ಕೋಣೆಯ ಅತ್ಯಂತ ತಂಪಿನ ಜಾಗವಾಗುತ್ತದೆ. ಮುಂದಿನ ಚಳಿಗಾಲಕ್ಕೆ ಕಿಟಕಿಯ ಸುತ್ತ ಕಪ್ಪು ಬೂಷ್ಟಿನ ಗೆರೆ ಮೂಡುತ್ತದೆ. ನಿರೋಧನ ಹಾಕಿಸಿದ ಮೇಲೆಯೇ ಬೂಷ್ಟು ಬಂತು ಎಂದು ಮನೆಯವರು ದೂರುತ್ತಾರೆ, ದೂರು ಸರಿಯಾಗಿಯೇ ಇರುತ್ತದೆ. ಆ ಪಕ್ಕಕ್ಕೆ ಎರಡು ಮೂರು ಸೆಂಟಿಮೀಟರ್ ತೆಳು ಹಲಗೆ ತಿರುಗಿಸಿ ಚೌಕಟ್ಟಿನವರೆಗೆ ತಂದಿದ್ದರೆ ಸಾಕಿತ್ತು. ಕಿಟಕಿಗಳನ್ನೂ ಬದಲಿಸುವ ಯೋಚನೆಯಿದ್ದರೆ ಎರಡನ್ನೂ ಒಟ್ಟಿಗೆ ಮಾಡಿ, ಹೊಸ ಕಿಟಕಿಯನ್ನು ಹೊದಿಕೆಯ ಸಾಲಿಗೇ ತಂದು ಕೂರಿಸುವುದು ಇನ್ನೂ ಒಳ್ಳೆಯದು. ಬಾಲ್ಕನಿಯ ಚಪ್ಪಡಿ, ಲಿಂಟೆಲ್, ಅಡಿಪಾಯ ಗೋಡೆಯನ್ನು ಸೇರುವ ಜಾಗ ಇವೆಲ್ಲಕ್ಕೂ ಇದೇ ಮಾತು.

ಹಲಗೆಯ ಹಿಂದಿನ ಸಂದಿನ ಬಗ್ಗೆಯೂ ಹೇಳಬೇಕು. ಅಲ್ಲಲ್ಲಿ ಅಂಟಿನ ಮುದ್ದೆ ಇಟ್ಟು ಹಲಗೆಯನ್ನು ಗೋಡೆಗೆ ಒತ್ತುವ ಅಭ್ಯಾಸ ಹಲವು ಕೆಲಸಗಾರರಿಗೆ ಇದೆ. ಆಗ ಹಲಗೆಗೂ ಗೋಡೆಗೂ ನಡುವೆ ಸಂದು ಉಳಿದು, ಹಲಗೆಗಳ ಜೋಡಣೆಯಲ್ಲಿ ಬಿರುಕಿದ್ದರೆ ಅದರಿಂದ ಹೊಕ್ಕ ಗಾಳಿ ನಿರೋಧಕದ ಬೆನ್ನ ಹಿಂದೆಯೇ ಸುತ್ತು ಹಾಕುತ್ತದೆ. ಹಲಗೆ ಎಷ್ಟೇ ದಪ್ಪವಿರಲಿ, ಶಾಖ ಅದನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಪ್ರತಿ ಹಲಗೆಯ ಸುತ್ತ ಅಂಚಿನುದ್ದಕ್ಕೂ ಅಂಟನ್ನು ಕಡಿಯದಂತೆ ಹಚ್ಚಿ, ನಡುವೆ ಮುದ್ದೆ ಇಟ್ಟು ಒತ್ತಬೇಕು. ಉಣ್ಣೆಯ ವಿಷಯದಲ್ಲಿ ತಪ್ಪು ಬೇರೆ ರೀತಿಯದು: ವೈರಿನ ಹಿಂದೆ ತುರುಕಿ ಚಪ್ಪಟೆ ಮಾಡುವುದು, ಮೂಲೆಗಳಿಗೆ ತಲುಪದಂತೆ ಬಿಡುವುದು. ವೈರು ಬಂದಲ್ಲಿ ಉಣ್ಣೆಯನ್ನು ಅರ್ಧ ದಪ್ಪಕ್ಕೆ ಸೀಳಿ, ವೈರಿನ ಹಿಂದೊಂದು ಮುಂದೊಂದು ಪದರ ಬರುವಂತೆ ಕೂರಿಸಬೇಕು.

ಬೆಂಕಿ, ಉಸಿರು

ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿ 72 ಜೀವಗಳನ್ನು ಬಲಿ ತೆಗೆದುಕೊಂಡಿತು. ಕಟ್ಟಡವನ್ನು ನವೀಕರಿಸುವಾಗ ಹೊರಗೆ ಹೊದಿಸಿದ್ದ, ನಡುವೆ ಪಾಲಿಥೀನ್ ತುಂಬಿದ ಅಲ್ಯೂಮಿನಿಯಂ ಫಲಕಗಳು ಬೆಂಕಿಯನ್ನು ಮಹಡಿಯಿಂದ ಮಹಡಿಗೆ ಹಬ್ಬಿಸಿದವು. ಅವುಗಳ ಹಿಂದಿದ್ದ ಫೋಮ್ ನಿರೋಧಕವೂ ಉರಿಯುವಂಥದ್ದೇ ಆಗಿತ್ತು. ಶಾಖ ಉಳಿಸುವ ಕೆಲಸದ ಹೆಸರಿನಲ್ಲಿ ಇಂಥದ್ದು ಇನ್ನೆಂದೂ ನಡೆಯಬಾರದು. ಎತ್ತರದ ಕಟ್ಟಡಗಳಿಗೆ, ಜನ ಒತ್ತಾಗಿ ವಾಸಿಸುವ ಕಟ್ಟಡಗಳಿಗೆ ಉರಿಯದ ಕಲ್ಲಿನ ಉಣ್ಣೆಯನ್ನೇ ಬಳಸಬೇಕು ಎಂಬುದು ನನ್ನ ದೃಢ ನಿಲುವು. ಫಲಕದ ಹಿಂದೆ ಸಂದು ಇರುವಲ್ಲಿ ಪ್ರತಿ ಮಹಡಿಗೂ ಬೆಂಕಿಯನ್ನು ತಡೆಯುವ ಅಡ್ಡಪಟ್ಟಿ ಇರಲೇಬೇಕು. ಒಳಗೆ ಬಳಸುವ ಫೋಮನ್ನು ಜಿಪ್ಸಮ್ ಹಲಗೆಯಿಂದಲೋ ಗಾರೆಯಿಂದಲೋ ಮುಚ್ಚದೆ ಬಿಡಬಾರದು.

ಸಂದುಗಳನ್ನೆಲ್ಲ ಮುಚ್ಚಿದ ಮನೆಗೆ ಉಸಿರಾಡಲು ಬೇರೆ ಏರ್ಪಾಡು ಬೇಕು. ಸ್ನಾನದ ಮನೆ, ಅಡುಗೆ ಮನೆಗಳಲ್ಲಿ ತೇವದ ಗಾಳಿಯನ್ನು ಹೊರಹಾಕುವ ಫ್ಯಾನ್, ಉಳಿದ ಕೋಣೆಗಳಿಗೆ ಹೊಸ ಗಾಳಿ ಬರುವ ಕಿಂಡಿ ಕನಿಷ್ಠ ಅಗತ್ಯ. ಒಳಗಿನ ಗಾಳಿಯನ್ನೇ ಬಳಸಿ ಉರಿಯುವ ಒಲೆ ಅಥವಾ ಗ್ಯಾಸ್ ಗೀಸರ್ ಇದ್ದರಂತೂ ಇದು ಪ್ರಾಣದ ಪ್ರಶ್ನೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ.

ಕೆಲಸದ ಪರೀಕ್ಷೆ

ನಿರೋಧಕದ ಮೇಲೆ ಗಾರೆ ಬಿದ್ದ ಮೇಲೆ ಒಳಗೇನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮುಚ್ಚುವ ಮೊದಲು ಪ್ರತಿ ಗೋಡೆಯ, ಪ್ರತಿ ಕಿಟಕಿಯಂಚಿನ ಫೋಟೊ ತೆಗೆದಿಡಬೇಕು. ಒಪ್ಪಂದದಲ್ಲೇ ಈ ಮಾತು ಸೇರಿಸಿ, ನೋಡಿದ ಮೇಲೆಯೇ ಮುಂದಿನ ಪದರ ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಗಾಳಿ ಸೋರಿಕೆ ಅಳೆಯಲು ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡುವ ಪರೀಕ್ಷೆಯಿದೆ. ಪ್ಯಾಸಿವ್ ಹೌಸ್ ಮಾನದಂಡದಲ್ಲಿ ಆ ಒತ್ತಡದಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಾಲು ಮಾತ್ರ ಬದಲಾಗಬಹುದು. ಹಳೆಯ ಮನೆಗಳಲ್ಲಿ ಅದು ಮನೆಯ ಗಾಳಿಯ ಹತ್ತು ಪಟ್ಟನ್ನೂ ದಾಟುವುದುಂಟು. ಫ್ಯಾನ್ ಓಡುತ್ತಿರುವಾಗಲೇ ಸ್ವಿಚ್ ಪೆಟ್ಟಿಗೆ, ಕಿಟಕಿಯಂಚು, ಗೋಡೆ ನೆಲ ಸೇರುವ ಮೂಲೆಗಳ ಬಳಿ ಒದ್ದೆ ಕೈ ಹಿಡಿದು ಸುತ್ತಾಡಿದರೆ ಗಾಳಿ ಎಲ್ಲೆಲ್ಲಿ ನುಸುಳುತ್ತಿದೆ ಎಂದು ಚರ್ಮವೇ ಹೇಳುತ್ತದೆ. ಸಾಧ್ಯವಾದರೆ ಗಾಳಿ ತಡೆಯ ಪದರ ಇನ್ನೂ ತೆರೆದಿರುವಾಗಲೇ ಈ ಪರೀಕ್ಷೆ ಮಾಡಿಸಬೇಕು. ಆಗ ಟೇಪಿನಿಂದ ಸರಿಪಡಿಸಬಹುದಾದದ್ದಕ್ಕೆ ಆಮೇಲೆ ಗೋಡೆ ಒಡೆಯಬೇಕಾಗುತ್ತದೆ.

ಉಷ್ಣ ಕ್ಯಾಮೆರಾದಿಂದ ಗೋಡೆಯ ಚಿತ್ರ ತೆಗೆಸುವವರು ಹೊತ್ತು ನೋಡಿ ತೆಗೆಸಬೇಕು. ಒಳಗೂ ಹೊರಗೂ ಕನಿಷ್ಠ 10 ಡಿಗ್ರಿ ವ್ಯತ್ಯಾಸವಿರಬೇಕು, ಗೋಡೆ ಒಣಗಿರಬೇಕು, ಹಿಂದಿನ ಹಲವು ಗಂಟೆಗಳಲ್ಲಿ ಅದರ ಮೇಲೆ ಬಿಸಿಲು ಬಿದ್ದಿರಬಾರದು. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಮೊದಲಿನ ಒಂದೆರಡು ಗಂಟೆ ಇದಕ್ಕೆ ಹೇಳಿಮಾಡಿಸಿದ ಸಮಯ. ಮಧ್ಯಾಹ್ನದ ಬಿಸಿಲು ಕಾಯಿಸಿದ ಗೋಡೆಯ ಚಿತ್ರ ತೋರಿಸಿ, ಇಲ್ಲೆಲ್ಲ ಶಾಖ ಸೋರುತ್ತಿದೆ ಎಂದು ಯಾರಾದರೂ ಹೇಳಿದರೆ ಬೆಳಗಿನ ಜಾವದಲ್ಲಿ ಇನ್ನೊಂದು ಚಿತ್ರ ತೆಗೆಯಲು ಹೇಳಬೇಕು.